ಕಾವೇರಿಯ ಮೀನು

ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ನಿಂತು ಮೀನುಗಳಿಗೆ ಪುರಿಯನ್ನೆರಚದ ಗೃಹಸ್ಥರು ವಿರಳ. ಅಂತಹ ಮೀನುಗಳೇ ಎಲ್ಲ ನದಿಗಳಲ್ಲಿಯೂ ಇರುವುವೆಂದು ನಾವು ಬಹುಕಾಲ ನಂಬಿದ್ದೆವು. ಶಾಲೆಯ ಮಕ್ಕಳಿಗೂ ಹಾಗೆಯೇ ಹೇಳಿದುದುಂಟು. ಅದು ಪ್ರಮಾದ. ಸಿಹಿನೀರಿನ ಮೀನಿಗೆ ಬೆಟ್ಟವೂ ಗೋಡೆಯೇ, ಕಡಲಿನ ಉಪ್ಪೂ ಗೋಡೆಯೇ. ಆದುದರಿಂದ ಒಂದು ನದಿಯಲ್ಲಿ ನೆಲಸಿದ ಕುಲವು ಕಾಲಾಂತರದಲ್ಲಿ ಅಲ್ಲಿಯೇ ಬೇರೆ ಜಾತಿಯಾಗಿ ಪರಿಣಮಿಸುವುದುಂಟು.

ಕಾವೇರಿಗೆ ಅಂತಹ ಮೀನೊಂದುಂಟು: ಗೂನುಬೆನ್ನಿನ, ಕಿತ್ತಳೆಬಣ್ಣದ ಈಜುರೆಕ್ಕೆಗಳ ಮಹಸೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇದಕ್ಕೆ ಬೇರೆ ಮನೆಯಿಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದುದೊಂದು 120 ಪೌಂಡು ತೂಗಿತಂತೆ. ಎಂಟು ಹತ್ತು ವರ್ಷದ ಇಬ್ಬರು ಹುಡುಗರ ತೂಕ!

1970ರ ದಶಕದಿಂದ ಮೊದಲ್ಗೊಂಡು, ಲೋನಾವಳದಲ್ಲಿ ಸಾಕಿದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅದು ಕೃಷ್ಣಾ ಕಣಿವೆಯ ಮೀನು. ಬಿಟ್ಟವರ ಉದ್ದೇಶವೇನೋ ಉಪಕಾರವೇ. ಆದರೆ ಅತಿಥಿಯು ಕೊಬ್ಬಿ ಮನೆಯೊಡೆಯನು ಸೊರಗಿದನು. ಅಣೆಕಟ್ಟುಗಳೂ ಸಿಡಿಮದ್ದಿನ ಬೇಟೆಯೂ ಮಾಡಿದ ಹಾನಿ ಬೇರೆ.

ಈ ಪ್ರಸಿದ್ಧ ಮೀನಿಗೆ ಶಾಸ್ತ್ರೀಯವಾದ ಹೆಸರು ಸಹ ನಿಶ್ಚಯವಾಗಿರಲಿಲ್ಲವೆಂಬುದೇ ವಿಚಿತ್ರ. ಮೋಯಾರ್ ಹೊಳೆಯಲ್ಲಿ ದೊರೆತವನ್ನು ಪರೀಕ್ಷಿಸಿ, 'ಟಾರ್ ರೇಮಾದೇವಿ' ಎಂಬ ಹೆಸರು ಇದಕ್ಕೆ ಸಲ್ಲುವುದೆಂದು ವಿದ್ವಾಂಸರು ನಿರ್ಣಯಿಸಿದುದು 2018ರಲ್ಲಿ. ಅತ್ಯಂತ ವಿಪತ್ತಿಗೊಳಗಾದ ಜೀವಿಗಳ ಪಟ್ಟಿಗೆ ಇದು ಸೇರಿದುದೂ ಅದೇ ವರ್ಷ.