ಪೋಕೆಮಾನ್ ಆಟದಲ್ಲಿ ಒಂದೇ ಒಂದು ವಸ್ತುವಿನ ಲೆಕ್ಕಾಚಾರ

ಮಕ್ಕಳು ಪೋಕೆಮಾನ್ ಆಡುತ್ತ ಕುಳಿತರೆ, ಬಣ್ಣಬಣ್ಣದ ಪ್ರಾಣಿಗಳು ಗುದ್ದಾಡುವ ಆಟವೆಂದು ಹಿರಿಯರು ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಆದರೆ ಬಲಿಷ್ಠವಾದ ಪ್ರಾಣಿಯನ್ನು ಹಿಡಿದವನೇ ಗೆಲ್ಲುತ್ತಾನೆಂಬ ನಿಯಮ ಆ ಆಟದಲ್ಲಿಲ್ಲ. ಪ್ರತಿಯೊಂದು ಪ್ರಾಣಿಯೂ ತನ್ನೊಡನೆ ಒಂದು ವಸ್ತುವನ್ನು, ಒಂದನ್ನು ಮಾತ್ರ, ಇಟ್ಟುಕೊಳ್ಳಬಹುದು. ಆ ವಸ್ತು ಯಾವುದಾಗಿರಬೇಕೆಂಬ ತೀರ್ಮಾನದಲ್ಲಿ ಸೋಲು ಗೆಲುವುಗಳ ದೊಡ್ಡ ಪಾಲು ಅಡಗಿದೆ.

ಈ ಆಟದ ಜನಕರಾದ ಜಪಾನಿನ ಸತೋಶಿ ತಾಜಿರಿಯವರಿಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುವ ಹವ್ಯಾಸವಿತ್ತು. ಆ ಹವ್ಯಾಸವೇ ಮುಂದೆ ಪೋಕೆಮಾನ್ ಕಲ್ಪನೆಗೆ ಬೀಜವಾಯಿತು. ಅವರ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ 'ರೆಡ್' ಮತ್ತು 'ಗ್ರೀನ್' ಆಟಗಳು 1996ರ ಫೆಬ್ರವರಿಯಲ್ಲಿ, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಪುಟ್ಟ ಯಂತ್ರಕ್ಕಾಗಿ ಜಪಾನಿನಲ್ಲಿ ಬಿಡುಗಡೆಗೊಂಡವು. ಅವುಗಳಲ್ಲಿ ಔಷಧ ಮೊದಲಾದ ಸಾಮಗ್ರಿಗಳೆಲ್ಲ ಆಟಗಾರನ ಚೀಲದಲ್ಲಿರುತ್ತಿದ್ದವು. ಕಾಳಗದ ನಡುವೆ ಗಾಯಗೊಂಡ ಪ್ರಾಣಿಗೆ ಔಷಧ ಕೊಡಬೇಕಾದರೆ ಆಟಗಾರನು ಹೊಡೆತದ ಒಂದು ಸರದಿಯನ್ನು ಬಿಟ್ಟುಕೊಡಬೇಕಾಗಿತ್ತು. 1999ರ ನವೆಂಬರಿನಲ್ಲಿ ಬಂದ 'ಗೋಲ್ಡ್' ಮತ್ತು 'ಸಿಲ್ವರ್' ಆಟಗಳು ಇದಕ್ಕೆ ಹೊಸ ಬಗೆಯೊಂದನ್ನು ಸೇರಿಸಿದವು. ಅಂದಿನಿಂದ ಪ್ರಾಣಿಯೇ ವಸ್ತುವನ್ನು ಹೊತ್ತು ಕಣಕ್ಕಿಳಿಯತೊಡಗಿತು. ಸಮಯ ಬಂದಾಗ ವಸ್ತು ತಾನಾಗಿಯೇ ಕೆಲಸ ಮಾಡಿತು, ಸರದಿಯೂ ಉಳಿಯಿತು.

ಆ ಕಾಲದಿಂದಲೂ ಹೆಸರುವಾಸಿಯಾದ ವಸ್ತು 'ಲೆಫ್ಟೋವರ್ಸ್', ಅಂದರೆ ಉಂಡು ಮಿಕ್ಕ ಆಹಾರ. ಇದನ್ನು ಇಟ್ಟುಕೊಂಡ ಪ್ರಾಣಿ ಪ್ರತಿ ಸುತ್ತಿನ ಕೊನೆಯಲ್ಲಿ ತನ್ನ ಪೂರ್ಣ ಜೀವಬಲದ ಹದಿನಾರನೆಯ ಒಂದು ಭಾಗವನ್ನು ಮರಳಿ ಪಡೆಯುತ್ತದೆ. ಹಿಂದಿನವರ ಮಗ್ಗಿಯ ಮಾತಿನಲ್ಲಿ ಹೇಳುವುದಾದರೆ ಅದು ಒಂದು ವೀಸ. 160 ಜೀವಬಲವುಳ್ಳ ಪ್ರಾಣಿಗೆ ಸುತ್ತಿಗೆ 10 ಮಾತ್ರ. ನೋಡಲು ಅಲ್ಪವಾದರೂ ಎಂಟು ಸುತ್ತು ನಿಂತರೆ 80, ಅಂದರೆ ಅರ್ಧ ಜೀವಬಲವೇ ಹಿಂದಿರುಗಿದಂತಾಯಿತು. ತಾಳ್ಮೆಯಿಂದ ನಿಲ್ಲಬಲ್ಲ ಪ್ರಾಣಿಗೆ ಇದು ಒಪ್ಪುತ್ತದೆ. ಎರಡು ಸುತ್ತಿನಲ್ಲಿ ಬಿದ್ದುಹೋಗುವ ಪ್ರಾಣಿಗೆ ಇದರಿಂದ ಹೆಚ್ಚಿನ ಫಲವಿಲ್ಲ.

ಮುಂದಿನ ಆಟಗಳಲ್ಲಿ ಬಂದ ಅನೇಕ ವಸ್ತುಗಳು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವಂಥವು. 2002ರ 'ರೂಬಿ' ಮತ್ತು 'ಸಫೈರ್' ಆಟಗಳಲ್ಲಿ ಕಾಣಿಸಿಕೊಂಡ 'ಚಾಯ್ಸ್ ಬ್ಯಾಂಡ್' ಎಂಬ ಪಟ್ಟಿ ಪ್ರಾಣಿಯ ದಾಳಿಯ ಬಲವನ್ನು ಒಂದೂವರೆ ಪಟ್ಟು ಹೆಚ್ಚಿಸುತ್ತದೆ. ಆದರೆ ಪ್ರಾಣಿ ಮೊದಲು ಯಾವ ಪಟ್ಟನ್ನು ಪ್ರಯೋಗಿಸಿತೋ, ಕಣದಿಂದ ಹಿಂದೆ ಸರಿಯುವವರೆಗೂ ಅದನ್ನೇ ಪ್ರಯೋಗಿಸುತ್ತಿರಬೇಕು. 2006ರಲ್ಲಿ ಬಂದ 'ಲೈಫ್ ಆರ್ಬ್' ಎಂಬ ಗೋಳ ಪ್ರಾಣಿಗೆ ಆ ಕಟ್ಟುಪಾಡನ್ನು ಹಾಕದು. ಅದು 100ರಷ್ಟು ಪೆಟ್ಟನ್ನು 130ಕ್ಕೆ ಏರಿಸುತ್ತದೆ. ಬದಲಿಗೆ ಪ್ರತಿ ಹೊಡೆತಕ್ಕೂ ಹೊಡೆದವನ ಪೂರ್ಣ ಜೀವಬಲದ ಹತ್ತನೆಯ ಒಂದು ಭಾಗವನ್ನು ಸುಂಕವಾಗಿ ವಸೂಲು ಮಾಡುತ್ತದೆ. ಸ್ವಾತಂತ್ರ್ಯವನ್ನು ತೆರುವುದೋ, ಆಯುಷ್ಯವನ್ನು ತೆರುವುದೋ ಎಂಬುದನ್ನು ಆಟಗಾರನೇ ನಿರ್ಧರಿಸಬೇಕು.

ದುರ್ಬಲರಿಗೆಂದೇ ಮಾಡಿದಂತಿರುವ ವಸ್ತುಗಳೂ ಇವೆ. 'ಫೋಕಸ್ ಸ್ಯಾಶ್' ಎಂಬ ನಡುಕಟ್ಟನ್ನು ಧರಿಸಿದ ಪ್ರಾಣಿ ಪೂರ್ಣ ಜೀವಬಲದಲ್ಲಿದ್ದಾಗ ಎಷ್ಟೇ ಭಾರಿ ಪೆಟ್ಟು ಬಿದ್ದರೂ ಆ ಒಂದು ಪೆಟ್ಟಿಗೆ ಸಾಯದೆ 1ರಷ್ಟು ಜೀವಬಲದಲ್ಲಿ ಉಳಿದುಕೊಳ್ಳುತ್ತದೆ. ನಡುಕಟ್ಟು ಅಲ್ಲಿಗೆ ಮುಗಿಯಿತು. ಆದರೆ ತಿರುಗಿ ಒಂದು ಏಟು ಕೊಡುವ ಅವಕಾಶ ದೊರೆಯಿತು. 2010ರ 'ಬ್ಲ್ಯಾಕ್' ಮತ್ತು 'ವೈಟ್' ಆಟಗಳು ತಂದ 'ಇವಿಯೋಲೈಟ್' ಇನ್ನೂ ಸ್ವಾರಸ್ಯಕರವಾದುದು. ಪೋಕೆಮಾನ್‌ಗಳು ಬೆಳೆದು ರೂಪಾಂತರ ಹೊಂದುತ್ತವೆ. ಹಾಗೆ ಇನ್ನೂ ಬೆಳೆಯಬಲ್ಲ ಪ್ರಾಣಿಗೆ ಮಾತ್ರ ಇವಿಯೋಲೈಟ್ ಎರಡು ಬಗೆಯ ರಕ್ಷಣೆಯನ್ನೂ ಒಂದೂವರೆ ಪಟ್ಟು ಮಾಡಿಕೊಡುತ್ತದೆ. ಚಾನ್ಸಿ ಎಂಬ ಪ್ರಾಣಿ ಬೆಳೆದರೆ ಬ್ಲಿಸಿಯಾಗುತ್ತದೆ. ಸಹಜವಾಗಿ ಬ್ಲಿಸಿಯೇ ಮೇಲು. ಆದರೂ ಇವಿಯೋಲೈಟ್ ಇಟ್ಟುಕೊಂಡ ಚಾನ್ಸಿ ಪೆಟ್ಟು ತಡೆಯುವುದರಲ್ಲಿ ಬ್ಲಿಸಿಯನ್ನೇ ಮೀರಿಸುತ್ತದೆ. ಬೆಳೆಸಿದ್ದೆಲ್ಲ ಲಾಭವೆಂದು ನಂಬಿದ್ದ ಆಟಗಾರರು ಇದರಿಂದ ಹೊಸದಾಗಿ ಯೋಚಿಸಬೇಕಾಯಿತು.

ವಸ್ತುವನ್ನೇ ನೆಚ್ಚಿಕೊಂಡವರಿಗೆ ಅಪಾಯವೂ ಉಂಟು. 'ನಾಕ್ ಆಫ್' ಎಂಬ ಹೊಡೆತ ಎದುರಾಳಿಯ ವಸ್ತುವನ್ನು ಬೀಳಿಸುತ್ತದೆ. ಬಿದ್ದ ವಸ್ತು ಆ ಕಾಳಗದಲ್ಲಿ ಮತ್ತೆ ಕೈಸೇರುವುದಿಲ್ಲ. ಇವಿಯೋಲೈಟ್ ಕಳೆದುಕೊಂಡ ಚಾನ್ಸಿ ಮತ್ತೆ ಹಳೆಯ ಚಾನ್ಸಿಯೇ. 'ಟ್ರಿಕ್' ಎಂಬ ಪಟ್ಟು ಇದಕ್ಕಿಂತ ಜಾಣತನದ್ದು: ಅದು ಇಬ್ಬರ ವಸ್ತುಗಳನ್ನು ಅದಲುಬದಲು ಮಾಡುತ್ತದೆ. ತನ್ನ ಚಾಯ್ಸ್ ಬ್ಯಾಂಡನ್ನು ಎದುರಾಳಿಯ ರಕ್ಷಕ ಪ್ರಾಣಿಗೆ ದಾಟಿಸಿಬಿಟ್ಟರೆ, ಆ ಪ್ರಾಣಿ ಒಂದೇ ಪಟ್ಟಿಗೆ ಸಿಕ್ಕಿಕೊಂಡು ಪೇಚಾಡುತ್ತದೆ. ಒಬ್ಬರ ಕೈಯ ವರ ಇನ್ನೊಬ್ಬರ ಕೈಯಲ್ಲಿ ಶಾಪವಾಗುವುದು ಹೀಗೆ.

ಅಧಿಕೃತ ಪಂದ್ಯಗಳಲ್ಲಿ ಇನ್ನೊಂದು ನಿಯಮವಿದೆ. ಒಂದು ತಂಡದ ಎರಡು ಪ್ರಾಣಿಗಳು ಒಂದೇ ಬಗೆಯ ವಸ್ತುವನ್ನು ಹೊರುವಂತಿಲ್ಲ. ಅತ್ಯುತ್ತಮವಾದುದನ್ನು ಒಂದು ಪ್ರಾಣಿಗೆ ಕೊಟ್ಟರೆ ಉಳಿದವಕ್ಕೆ ಬೇರೆಯದನ್ನೇ ಹುಡುಕಬೇಕು. ಇಂಥ ಹಂಚಿಕೆಯ ಜಾಣ್ಮೆಗೆ 2014ರ ವಿಶ್ವ ಚಾಂಪಿಯನ್‌ಶಿಪ್ ಒಳ್ಳೆಯ ಉದಾಹರಣೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ತಮ್ಮ ತಂಡದಲ್ಲಿ ಪಾಚಿರಿಸು ಎಂಬ ಅಳಿಲಿನಂಥ ಪ್ರಾಣಿಯನ್ನು ಸೇರಿಸಿಕೊಂಡಿದ್ದರು. ಅದರ ಎತ್ತರ 40 ಸೆಂಟಿಮೀಟರ್, ತೂಕ 4 ಕಿಲೋಗ್ರಾಂಗೂ ಕಡಿಮೆ. ದೊಡ್ಡ ಸ್ಪರ್ಧೆಗೆ ಅದನ್ನು ತರುವವರೇ ವಿರಳ. ಪಾರ್ಕ್ ಅದಕ್ಕೆ ಕೊಟ್ಟ ವಸ್ತು 'ಸಿಟ್ರಸ್' ಎಂಬ ಹಣ್ಣು. ಜೀವಬಲ ಅರ್ಧಕ್ಕಿಳಿದಾಗ ಪ್ರಾಣಿ ಆ ಹಣ್ಣನ್ನು ತಾನಾಗಿಯೇ ತಿಂದು ಕಾಲುಭಾಗವನ್ನು ಮರಳಿ ಗಳಿಸುತ್ತದೆ. ಪಾಚಿರಿಸು ಶತ್ರುಗಳ ಏಟನ್ನು ತನ್ನತ್ತ ಸೆಳೆದುಕೊಂಡು ಸಹಿಸಿತು. ಪಕ್ಕದಲ್ಲಿದ್ದ ಬಲಿಷ್ಠ ಸಂಗಾತಿಗೆ ನಿರಾತಂಕವಾಗಿ ಹೋರಾಡಲು ಎಡೆಯಾಯಿತು. ಪಾರ್ಕ್ ಹಿರಿಯರ ವಿಭಾಗದ ವಿಶ್ವ ಚಾಂಪಿಯನ್ ಆದರು.

ಆಟಕ್ಕೆ ಹೊತ್ತುಗೊತ್ತಿನ ಮಿತಿ ಇರಬೇಕೆಂಬುದು ಬೇರೆ ಮಾತು; ಆ ಮಿತಿಯನ್ನು ಹಾಕುವ ಹೊಣೆ ಮನೆಯ ಹಿರಿಯರದೇ. ಆದರೆ ಆಟ ಮುಗಿಸಿ ಎದ್ದ ಮಗುವನ್ನು, "ಈ ಪ್ರಾಣಿಗೆ ಇದೇ ವಸ್ತುವನ್ನು ಏಕೆ ಕೊಟ್ಟೆ?" ಎಂದು ತಂದೆತಾಯಿಗಳು ಒಮ್ಮೆ ಕೇಳಿ ನೋಡಬಹುದು. ಕಾಲು, ಅರೆ, ವೀಸಗಳ ಲೆಕ್ಕವನ್ನು, ಏನನ್ನು ಪಡೆಯಲು ಏನನ್ನು ಬಿಟ್ಟೆನೆಂಬ ವಿವರಣೆಯನ್ನು ಮಗು ತನ್ನದೇ ಕನ್ನಡದಲ್ಲಿ ಹೇಳತೊಡಗಿದರೆ, ಆ ಹೊತ್ತು ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ.