ಹತ್ತೊಂಬತ್ತನೇ ಸಾಲು ಎಲ್ಲಿದೆ?

ನಮ್ಮ ಕನ್ನಡ ಶಾಲೆಗೆ ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಉಬುಂಟು ಹಾಕಿ ಮನೆಮನೆಗೆ ಹಂಚಿದ್ದೆವು. ಕನ್ನಡ ಫಾಂಟುಗಳು ತಾವಾಗಿಯೇ ಇನ್‌ಸ್ಟಾಲ್ ಆಗಲೆಂದು ನಾನೊಂದು ಪುಟ್ಟ ಸ್ಕ್ರಿಪ್ಟ್ ಬರೆದು ಪೋಷಕರಿಗೆ ಕಳಿಸಿದೆ. ಒಂದೇ ಆಜ್ಞೆಗೆ ಗುಬ್ಬಿ, ನವಿಲು ಎರಡೂ ಬಂದು ಕೂರಬೇಕು. (ಫಾಂಟುಗಳ ಹೆಸರೇ ಎಷ್ಟು ಚೆನ್ನ ನೋಡಿ!) ಭಾನುವಾರ ಬೆಳಿಗ್ಗೆ ತರಗತಿ. ಶನಿವಾರ ರಾತ್ರಿ ಹತ್ತಕ್ಕೆ ಫೋನ್ ಬಂತು.

"ಸರ್, 19ನೇ ಲೈನಲ್ಲಿ ಸಿಂಟ್ಯಾಕ್ಸ್ ಎರರ್ ಅಂತಿದೆ. ಫೈಲಲ್ಲಿ ಇರೋದೇ 18 ಲೈನು! ನಾನೇ ಏನೋ ಕೆಡಿಸಿಬಿಟ್ಟೆ ಅನ್ಸುತ್ತೆ."

ಆ ತಾಯಿ ಕಂಪ್ಯೂಟರ್ ಮುಟ್ಟಿ ಎರಡೇ ತಿಂಗಳು. ದನಿ ಆಗಲೇ ನಡುಗುತ್ತಿತ್ತು.

'ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್' ಎಂದರೆ ಎಲ್ಲೋ ತೆರೆದದ್ದು ಮುಚ್ಚಿಲ್ಲ ಎಂದರ್ಥ. 'ಇಫ್'ಗೆ 'ಫೈ' ಬೇಕು, 'ಡೂ'ಗೆ 'ಡನ್' ಬೇಕು. ಬ್ಯಾಶ್ ಅದನ್ನು ಕಡೇ ಸಾಲಿನವರೆಗೂ ಹುಡುಕಿ, ಸಿಗದೆ ಕೈಚೆಲ್ಲಿದ ಜಾಗದ ನಂಬರ್ ಹೇಳುತ್ತದೆ. ತಪ್ಪು ಇರುವುದು ಮೇಲೆಲ್ಲೋ. ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋಗಬೇಕು.

ಓದಿಸಿದೆ. ಇಫ್ ಇತ್ತು, ದೆನ್ ಇತ್ತು, ಫೈ ಕೂಡ ಇತ್ತು! ಆಮೇಲೆ 'ಕ್ಯಾಟ್' ಆಜ್ಞೆಗೆ ಅಡ್ಡಗೆರೆ ಮತ್ತು ದೊಡ್ಡ 'ಎ' ಸೇರಿಸಿ ಫೈಲ್ ತೋರಿಸಲು ಹೇಳಿದೆ. "ಪ್ರತಿ ಸಾಲಿನ ಕೊನೇಲೂ ಟೋಪಿ ಥರ ಒಂದು ಗುರುತು, ಪಕ್ಕದಲ್ಲಿ ಎಂ, ಆಮೇಲೆ ಡಾಲರ್ ಇದೆ ಸರ್."

ನನ್ನ ಮುಖ ಸಣ್ಣದಾಯಿತು. ಸ್ಕ್ರಿಪ್ಟನ್ನು ನಾನು ಬರೆದದ್ದು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ. ಅಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಬೀಳುತ್ತವೆ, ಲಿನಕ್ಸಿಗೆ ಒಂದೇ ಸಾಕು. ಹಳೆಯ ಟೈಪ್‌ರೈಟರ್ ನೋಡಿದವರಿಗೆ ನೆನಪಿರಬಹುದು: ಸನ್ನೆ ಎಳೆದರೆ ಗಾಡಿ ಹಿಂದಕ್ಕೆ ಬರುತ್ತಿತ್ತು, ಕಾಗದ ಮೇಲಕ್ಕೆ ಸರಿಯುತ್ತಿತ್ತು. ಆ ಎರಡು ಕೆಲಸಗಳ ಹೆಸರೇ ಈ ಎರಡು ಗುರುತುಗಳಿಗೂ ಉಳಿದಿದೆ. ಬಾಲ ಅಂಟಿಕೊಂಡ 'ಫೈ' ಬ್ಯಾಶ್‌ಗೆ ಗುರುತೇ ಸಿಗಲಿಲ್ಲ.

"ತಪ್ಪು ನಿಮ್ಮದಲ್ಲಮ್ಮ, ನನ್ನದು" ಎಂದೆ. ಬಾಲ ಕತ್ತರಿಸುವ 'ಸೆಡ್' ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಬರೆಸಿದೆ. ಬ್ಯಾಶ್ ಮುಂದೆ ಅಡ್ಡಗೆರೆ, ಸಣ್ಣ 'ಎನ್' ಹಾಕಿದರೆ ಸ್ಕ್ರಿಪ್ಟನ್ನು ಓಡಿಸದೆ ವ್ಯಾಕರಣವನ್ನಷ್ಟೇ ನೋಡುತ್ತದೆ. ಸುಮ್ಮನಿದ್ದರೆ ಸರಿಯಿದೆ ಎಂದರ್ಥ. ಕಳಿಸುವ ಮುನ್ನ ಲಿನಕ್ಸಿನಲ್ಲಿ ನಾನೇ ಇದನ್ನು ಮಾಡಬಹುದಿತ್ತು! ಅಂದಹಾಗೆ, ವರ್ಡ್ ಕಡತದಿಂದ ಆಜ್ಞೆ ನಕಲು ಮಾಡುವಾಗ ಉದ್ಧರಣ ಚಿಹ್ನೆ ಡೊಂಕಾಗಿದ್ದರೆ ನೇರ ಮಾಡಿಕೊಳ್ಳಿ. ಡೊಂಕು ಚಿಹ್ನೆ ಬ್ಯಾಶ್‌ಗೆ ತಿಳಿಯದು.

ಹನ್ನೊಂದು ಗಂಟೆಗೆ ಮತ್ತೆ ಫೋನ್. "ಗುಬ್ಬಿ ಬಂತು ಸರ್! ಇನ್ನೂ ಇಬ್ಬರಿಗೆ ಇದೇ ಎರರ್ ಬಂದಿದೆಯಂತೆ, ನಾನೇ ಹೇಳಿಕೊಡ್ತೀನಿ. ನೀವು ಮಲಗಿ."