ಉಳುಕಿದ ಕಾಲು, ಮೂರು ವಾರದ ಹಾಸಿಗೆ

ಕಾಲು ಉಳುಕಿದವರು ನೋವು ಪೂರ್ತಿ ಅಡಗುವವರೆಗೆ ಪಾದವನ್ನು ನೆಲಕ್ಕೆ ಊರಬಾರದು, ಸೈಕಲ್ಲಿನ ಹತ್ತಿರವಂತೂ ಸುಳಿಯಲೇಬಾರದು ಎಂಬ ಮಾತು ಮನೆಯ ಹಿರಿಯರಿಂದ ಹಿಡಿದು ಬೆಳಗಿನ ಜಾವ ನಂದಿ ಬೆಟ್ಟ ಹತ್ತಲು ಹೊರಡುವ ಸವಾರರವರೆಗೆ ಎಲ್ಲರ ಬಾಯಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಹಾಗೆ ಹೇಳುವವರ ಅಕ್ಕರೆಯ ಬಗ್ಗೆ ಸಂಶಯವಿಲ್ಲ. ಸಂಶಯವಿರುವುದು ಅವರ ಲೆಕ್ಕದ ಬಗ್ಗೆ. ಹದಿಮೂರೂವರೆ ಗಂಟೆಯೊಳಗೆ 200 ಕಿಲೋಮೀಟರ್ ಮುಗಿಸಬೇಕಾದ ‘ಬ್ರೆವೆ’ ಎಂಬ ದೂರಸವಾರಿಗೆ ತಿಂಗಳುಗಟ್ಟಲೆ ಮೈ ಹದಗೊಳಿಸಿಕೊಂಡ ಸವಾರನೊಬ್ಬ ಮೆಟ್ಟಿಲಿಳಿಯುವಾಗ ಕಾಲು ಹೊರಳಿಸಿಕೊಂಡು, ಈ ಸಲಹೆಯನ್ನು ಶಿರಸಾವಹಿಸಿ ಮೂರು ವಾರ ದಿಂಬಿನ ಮೇಲೆ ಪಾದವಿಟ್ಟು ಮಲಗಿದನೆಂದರೆ, ಎದ್ದಾಗ ಅವನಿಗೆ ದಕ್ಕುವುದು ಬಿಗಿದುಕೊಂಡ ಕೀಲು, ಸೊರಗಿದ ಮೀನಖಂಡ ಮತ್ತು ಮೊದಲ ಏರಿನಲ್ಲೇ ಶುರುವಾಗುವ ಏದುಸಿರು.

ತಪ್ಪಿನ ಬೇರು ಅರ್ಧಪಾಲು ಭಾಷೆಯಲ್ಲೇ ಇದೆ. ಆಡುಮಾತಿನಲ್ಲಿ ರಕ್ತನಾಳಕ್ಕೂ ‘ನರ’, ಮಿದುಳಿನ ಸಂದೇಶ ಒಯ್ಯುವ ತಂತುವಿಗೂ ‘ನರ’, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗೂ ‘ನರ’, ಒಂದು ಮೂಳೆಯನ್ನು ಇನ್ನೊಂದಕ್ಕೆ ಕಟ್ಟುವ ಪಟ್ಟಿಗೂ ‘ನರ’ವೇ. ಕಾಲು ಉಳುಕಿದಾಗ ಪೆಟ್ಟು ತಿನ್ನುವುದು ಈ ಕೊನೆಯದು. ವೈದ್ಯರು ಇದನ್ನು ಲಿಗಮೆಂಟ್ ಎನ್ನುತ್ತಾರೆ, ಪಠ್ಯಪುಸ್ತಕಗಳು ಅಸ್ಥಿರಜ್ಜು ಎನ್ನುತ್ತವೆ. ಹರಡಿನ, ಅಂದರೆ ಪಾದವೂ ಕಾಲೂ ಕೂಡುವ ಕೀಲಿನ, ಹೊರಮಗ್ಗುಲಲ್ಲಿ ಇಂಥ ಪಟ್ಟಿಗಳು ಮೂರಿವೆ. ಪಾದ ಒಳಕ್ಕೆ ಮಗುಚಿಕೊಂಡು ಮೈಭಾರವೆಲ್ಲ ಅದರ ಹೊರ ಅಂಚಿನ ಮೇಲೆ ಬಿದ್ದಾಗ ಮೊದಲು ಹಿಗ್ಗುವುದು ಅಥವಾ ಹರಿಯುವುದು ಹೊರಗಂಟಿನ ಮುಂಭಾಗದಲ್ಲಿರುವ ತೆಳುಪಟ್ಟಿ, ಪೆಟ್ಟು ಜೋರಾಗಿದ್ದರೆ ಅದರ ಪಕ್ಕದ್ದು; ಹಿಂದಿನದು ತೀರ ಅಪರೂಪಕ್ಕೆ. ಎಳೆಗಳು ಬರೀ ಹಿಗ್ಗಿದ್ದರೆ ಒಂದನೆಯ ದರ್ಜೆ, ಅರೆಬರೆ ಹರಿದಿದ್ದರೆ ಎರಡನೆಯದು, ಪೂರ್ತಿ ತುಂಡಾಗಿದ್ದರೆ ಮೂರನೆಯದು ಎಂದು ಉಳುಕನ್ನು ವಿಂಗಡಿಸುವುದು ವಾಡಿಕೆ. ಹಾಗಿರುವಾಗ ‘ನರ ಸರಿದಿದೆ’ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಸರಿದದ್ದನ್ನು ಎಳೆದು, ನೀವಿ ಕೂರಿಸಬಹುದು. ಹರಿದ ಎಳೆಯನ್ನು ಎಳೆದರೆ ಅದು ಇನ್ನಷ್ಟು ಹರಿಯುತ್ತದೆ. ಉಳುಕು ತೆಗೆಯುವವರು ಪಾದ ತಿರುಚಿದಾಗ ಕೇಳುವ ‘ಲಟಕ್’ ಶಬ್ದ ಕೀಲಿನ ದ್ರವದಲ್ಲಿನ ಅನಿಲದ ಗುಳ್ಳೆಯದು. ಬೆರಳು ನಟಿಕೆ ಮುರಿದಾಗಲೂ ಅದೇ ಕೇಳುತ್ತದೆ, ಆಗ ಯಾರೂ ನರ ಕೂತಿತೆಂದು ಸಂಭ್ರಮಿಸುವುದಿಲ್ಲ.

ವಿಶ್ರಾಂತಿಯನ್ನೇ ಔಷಧವೆಂದು ತಿಳಿದವರು ಮರೆಯುವ ಸಂಗತಿಯೆಂದರೆ ಈ ಪಟ್ಟಿ ಮತ್ತೆ ಹೆಣೆದುಕೊಳ್ಳುವ ಬಗೆ. ಮೊದಲ ಕೆಲವು ದಿನ ಬಾವು, ಬಿಸಿ, ನೋವು ಇರುತ್ತವೆ. ಆಮೇಲಿನ ವಾರಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಹೊಸ ಎಳೆಗಳು ಗಾಯದ ಜಾಗವನ್ನು ತುಂಬುತ್ತವೆ. ಅನಂತರ ತಿಂಗಳುಗಟ್ಟಲೆ ಆ ಎಳೆಗಳು ತಮ್ಮ ದಿಕ್ಕನ್ನು ತಿದ್ದಿಕೊಳ್ಳುತ್ತವೆ. ಯಾವ ದಿಕ್ಕಿಗೆ ಎಂಬುದನ್ನು ತೀರ್ಮಾನಿಸುವುದು ಅವುಗಳ ಮೇಲೆ ಬೀಳುವ ಹಿತಮಿತವಾದ ಎಳೆತ. ಎಳೆತ ಸಿಕ್ಕಿದ ಪಟ್ಟಿ ಹುರಿಗೊಂಡ ಹಗ್ಗದಂತೆ ಸಾಲಾಗಿ ಬೆಳೆಯುತ್ತದೆ, ಸಿಗದ ಪಟ್ಟಿ ಗೋಜಲು ಗೋಜಲಾಗಿ ಕೂಡಿಕೊಳ್ಳುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2010ರಲ್ಲಿ ಪ್ರಕಟಿಸಿದ, 101 ಮಂದಿಯನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಒಂದನೆಯ ಮತ್ತು ಎರಡನೆಯ ದರ್ಜೆಯ ಉಳುಕಿನವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ವಾರದಿಂದಲೇ ಪಾದದ ವ್ಯಾಯಾಮ ಮಾಡಿಸಲಾಯಿತು. ಆರಂಭದ ವಾರಗಳಲ್ಲಿ ಅವರ ಪಾದದ ಕ್ಷಮತೆ ಉಳಿದವರಿಗಿಂತ ಚೆನ್ನಾಗಿತ್ತು, ಓಡಾಟವೂ ಹೆಚ್ಚಾಗಿತ್ತು.

ಇಲ್ಲಿ ವಿಶ್ರಾಂತಿಯ ಪಕ್ಷಪಾತಿಗಳು 2009ರ ಲಾನ್ಸೆಟ್ ಪತ್ರಿಕೆಯನ್ನು ಎತ್ತಿ ತೋರಿಸಬಹುದು, ತೋರಿಸಿದರೆ ಒಳ್ಳೆಯದೇ. ಕಾಲೂರಲಾಗದಷ್ಟು ತೀವ್ರವಾಗಿ ಉಳುಕಿಸಿಕೊಂಡ 584 ಜನರನ್ನು ಗಮನಿಸಿದ ಆ ಬ್ರಿಟಿಷ್ ಅಧ್ಯಯನದಲ್ಲಿ, ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಬರೀ ಕೊಳವೆಯಂಥ ಒತ್ತುಪಟ್ಟಿ ಧರಿಸಿದವರಿಗಿಂತ ಬೇಗ ಚೇತರಿಸಿಕೊಂಡದ್ದು ನಿಜ. ಆದರೆ ಆ ಪ್ಲಾಸ್ಟರ್ ಕಾಲಿನ ಮೇಲಿದ್ದದ್ದು ಹತ್ತೇ ದಿನ, ಒಂಬತ್ತು ತಿಂಗಳ ಹೊತ್ತಿಗೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೂ ಉಳಿದಿರಲಿಲ್ಲ. ತೀವ್ರ ಉಳುಕಿಗೆ ಕೆಲವು ದಿನಗಳ ಆಸರೆ ಬೇಕೆನ್ನುವುದು ಬೇರೆ, ಎಲ್ಲ ಉಳುಕಿಗೂ ‘ನೋವು ಹೋಗುವವರೆಗೆ’ ಎಂಬ ಕೊನೆಯಿಲ್ಲದ ಗಡುವು ವಿಧಿಸುವುದು ಬೇರೆ. ಎರಡನೆಯದಕ್ಕೆ ಆ ಅಧ್ಯಯನದಲ್ಲಿ ಯಾವ ಆಧಾರವೂ ಇಲ್ಲ.

ಮಲಗಿದ್ದು ಗುಣಪಡಿಸಿಕೊಳ್ಳಲು ಸಾಧ್ಯವೇ ಇಲ್ಲದ ಇನ್ನೊಂದು ನಷ್ಟವೂ ಇದೆ. ಕಣ್ಣು ಮುಚ್ಚಿದ್ದರೂ ಪಾದ ಯಾವ ಕೋನದಲ್ಲಿದೆ ಎಂದು ತಿಳಿಯುವುದು ಅಸ್ಥಿರಜ್ಜುಗಳಲ್ಲೂ ಸ್ನಾಯುಗಳಲ್ಲೂ ಹುದುಗಿರುವ ಸೂಕ್ಷ್ಮ ಗ್ರಾಹಕಗಳಿಂದ. ಕೀಲಿನ ಈ ಸ್ಥಿತಿಪ್ರಜ್ಞೆ ಉಳುಕಿನಲ್ಲಿ ಮಂಕಾಗುತ್ತದೆ, ಅದರಿಂದಲೇ ಕಾಲು ಪದೇ ಪದೇ ಹೊರಳುತ್ತದೆ ಎಂಬ ವಾದವನ್ನು ಫ್ರೀಮನ್ ಮತ್ತು ಸಂಗಡಿಗರು 1965ರಲ್ಲೇ ಮಂಡಿಸಿದ್ದರು. ಒಂಟಿಕಾಲಿನ ಮೇಲೆ ನಿಲ್ಲುವುದು, ಅಲುಗಾಡುವ ಹಲಗೆಯ ಮೇಲೆ ಸಮತೋಲ ಹಿಡಿಯುವುದು ಅಂದಿನಿಂದಲೂ ಚಿಕಿತ್ಸೆಯ ಭಾಗವಾಗಿವೆ. ಹಲ್ಲುಜ್ಜುವ ಎರಡು ನಿಮಿಷ ಉಳುಕಿದ್ದ ಕಾಲಿನ ಮೇಲೆ ನಿಲ್ಲಲು ಯಾವ ಉಪಕರಣವೂ ಬೇಡ, ಆದರೂ ಇದನ್ನು ಮಾಡುವವರಿಗಿಂತ ಮುಲಾಮಿನ ಮೂರನೇ ಟ್ಯೂಬು ಕೊಳ್ಳುವವರೇ ಹೆಚ್ಚು.

ಇನ್ನು ಗುಂಡಿಗೆ, ಶ್ವಾಸಕೋಶಗಳ ಲೆಕ್ಕ. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅಳೆಯಲಾಯಿತು. ದೇಹವು ಕಟ್ಟಕಡೆಯ ಶ್ರಮದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ, ಸೈಕಲ್ ಪಟುಗಳು ವಿಒ2 ಮ್ಯಾಕ್ಸ್ ಎಂದು ಜಪಿಸುವ ಆ ಅಂಕಿ, ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ಬಳಿಕ, ಐವತ್ತರ ವಯಸ್ಸಿನಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಮೂರು ದಶಕಗಳ ಮುಪ್ಪು ಮಾಡಿದ್ದ ಹಾನಿ ಆ ಮೂರು ವಾರಗಳ ಹಾಸಿಗೆ ಮಾಡಿದ್ದ ಹಾನಿಯನ್ನು ಮೀರಿರಲಿಲ್ಲ. ಉಳುಕಿದವರು ಅಷ್ಟು ಕಟ್ಟುನಿಟ್ಟಾಗಿ ಮಲಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಲಗದೆ, ಅಭ್ಯಾಸವನ್ನಷ್ಟೇ ನಿಲ್ಲಿಸಿದ ಪಳಗಿದ ಕ್ರೀಡಾಪಟುಗಳಲ್ಲಿ ಈ ಅಂಕಿ ಮೂರು ವಾರಕ್ಕೆ ಶೇಕಡಾ 7ರಷ್ಟು, ಎಂಟು ವಾರಕ್ಕೆ ಶೇಕಡಾ 16ರಷ್ಟು ಇಳಿದದ್ದನ್ನು 1984ರಲ್ಲಿ ಕಾಯ್ಲ್ ಮತ್ತು ಸಂಗಡಿಗರು ದಾಖಲಿಸಿದರು. ಆರಂಭದ ಇಳಿತಕ್ಕೆ ಮುಖ್ಯ ಕಾರಣ ಸ್ನಾಯುವಿನ ಸವಕಳಿಯಲ್ಲ, ರಕ್ತದ ಒಟ್ಟು ಪ್ರಮಾಣವೇ ತಗ್ಗಿ ಗುಂಡಿಗೆ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುವುದು. ವಾರಕ್ಕೆ ಎರಡು ಮೂರು ಸಲ ಉಸಿರು ಏರುವಂತೆ ದುಡಿದರೂ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಹಾಗೆ ದುಡಿಯಲು ಉಳುಕಿದ ಕಾಲಿಗೆ ಸೈಕಲ್ಲಿನಷ್ಟು ಒಗ್ಗುವ ಸಾಧನಗಳು ಕಡಿಮೆ ಎಂಬುದೇ ಈ ನಂಬಿಕೆಯ ದೊಡ್ಡ ವಿಪರ್ಯಾಸ. ಪೆಡಲ್ ತುಳಿಯುವಾಗ ಹರಡು ಬಾಗಿಲ ಕೀಲಿನಂತೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು ಪಕ್ಕಕ್ಕೆ ಮಗುಚುವುದಿಲ್ಲ. ಹರಿದ ಪಟ್ಟಿಗೆ ಕಂಟಕವಾಗಿರುವುದು ಆ ಮಗುಚುವ ಚಲನೆ. ಮೈಭಾರದ ಬಹುಪಾಲನ್ನು ಸೀಟು ಹೊರುತ್ತದೆ, ಓಟದಲ್ಲಿರುವಂತೆ ಹೆಜ್ಜೆಹೆಜ್ಜೆಗೂ ನೆಲದ ಹೊಡೆತವಿಲ್ಲ. ಮೊದಲ ಎರಡು ಮೂರು ದಿನ ಕಳೆದು, ಊರಿ ನಾಲ್ಕು ಹೆಜ್ಜೆ ಹಾಕುವಷ್ಟು ನೋವು ಇಳಿದ ಮೇಲೆ, ಹಿಂದಿನ ಚಕ್ರವನ್ನು ಕಚ್ಚಿ ಹಿಡಿಯುವ ಟ್ರೈನರ್ ಎಂಬ ಸ್ಟ್ಯಾಂಡಿಗೆ ಸೈಕಲ್ ಬಿಗಿದು, ಹಗುರ ಗೇರಿನಲ್ಲಿ ಹತ್ತು ಹದಿನೈದು ನಿಮಿಷ ತುಳಿಯುವುದರಿಂದ ಆರಂಭಿಸಬಹುದು. ಪಾದದ ಮುಂಭಾಗದ ಬದಲು ನಡುಭಾಗವನ್ನು ಪೆಡಲಿನ ಮೇಲಿಟ್ಟರೆ ಹರಡಿನ ಮೇಲಿನ ಎಳೆತ ತಗ್ಗುತ್ತದೆ, ಹಾಗೆ ಇಟ್ಟಾಗ ಸೀಟನ್ನು ತುಸು ಇಳಿಸಿಕೊಳ್ಳಬೇಕಾಗುತ್ತದೆ. ಬೂಟನ್ನು ಪೆಡಲಿಗೆ ಕಚ್ಚಿಸುವ ಕ್ಲೀಟುಗಳು ಮಾತ್ರ ಸದ್ಯಕ್ಕೆ ಬೇಡ. ಅವುಗಳಿಂದ ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು, ಹಾಗೆ ತಿರುಚುವುದು ಗಾಯಗೊಂಡ ಪಟ್ಟಿಯನ್ನೇ ಕೆಣಕಿದಂತೆ. ತುಳಿಯುವಾಗ ನೋವು ಅಲ್ಪವಾಗಿದ್ದು, ಮರುದಿನ ಬೆಳಿಗ್ಗೆ ಬಾವು ಹಿಂದಿನ ದಿನಕ್ಕಿಂತ ಹೆಚ್ಚಿರದಿದ್ದರೆ ಅಷ್ಟು ಶ್ರಮವನ್ನು ಕೀಲು ತಾಳಿಕೊಂಡಿದೆ ಎಂದರ್ಥ, ಬಾವು ಏರಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯುವುದು ಸರಿ. ಉಳುಕಿದ ಕಾಲನ್ನು ಪೆಡಲಿಗೆ ಇಡಲೂ ಆಗದವರು ಅದನ್ನು ಸ್ಟೂಲಿನ ಮೇಲೆ ಇರಿಸಿ ಇನ್ನೊಂದೇ ಕಾಲಿನಲ್ಲಿ ತುಳಿಯಬಹುದು. ಒಂದು ಅಂಗಕ್ಕೆ ಕೊಟ್ಟ ತರಬೇತಿಯ ಬಲದಲ್ಲಿ ಒಂದು ಪಾಲು ಸುಮ್ಮನಿದ್ದ ಜೋಡಿ ಅಂಗಕ್ಕೂ ನರಮಂಡಲದ ಮೂಲಕ ದಾಟುತ್ತದೆಂಬುದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಮತ್ತು ಜೊತೆಗಾರರು 1894ರಷ್ಟು ಹಿಂದೆಯೇ ತೋರಿಸಿದ್ದರು.

ರಸ್ತೆಯ ಮಾತು ಬೇರೆ. ಅಲ್ಲಿನ ಅಪಾಯ ಸವಾರಿಯಲ್ಲಿಲ್ಲ, ನಿಲುಗಡೆಯಲ್ಲಿದೆ: ಸಿಗ್ನಲ್ಲಿನಲ್ಲಿ, ಗುಂಡಿಯ ಅಂಚಿನಲ್ಲಿ, ಅಡ್ಡ ಬಂದ ನಾಯಿಯ ಎದುರು ತಟ್ಟನೆ ಕಾಲೂರಬೇಕಾದಾಗ ಯಾವ ಪಾದ ಮೊದಲು ನೆಲಕ್ಕೆ ತಾಗಬೇಕೆಂದು ಆರಿಸಿಕೊಳ್ಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಉಳುಕಿದ ಕಾಲಿನ ಮೇಲೆ ಮಾತ್ರ ನಿಂತು ಹಿಮ್ಮಡಿಯನ್ನು ಇಪ್ಪತ್ತು ಬಾರಿ ಎತ್ತಿ ಇಳಿಸಲು, ನೋವಿಲ್ಲದೆ ಕುಪ್ಪಳಿಸಲು ಆದ ಮೇಲೆ ರಸ್ತೆಗಿಳಿಯುವುದು ವಿವೇಕ. ಸೀಟಿನಿಂದೆದ್ದು ನಿಂತು ಏರು ತುಳಿಯುವ ಉತ್ಸಾಹ ಆಮೇಲೂ ಕೆಲವು ವಾರ ಕಾಯಬಲ್ಲದು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡುವ ಅಗತ್ಯವಿಲ್ಲ. ನಡೆಯಲು ಬಂದರೆ ಮೂಳೆ ಮುರಿದಿಲ್ಲ ಎನ್ನುವುದು ಸುಳ್ಳು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ನಾಲ್ಕು ಹೆಜ್ಜೆ ಇಡಲಾಗದಿರುವುದಷ್ಟೇ ಅಲ್ಲ, ಹರಡಿನ ಗಂಟುಗಳ ಹಿಂಬದಿ ಅಂಚನ್ನೋ ತುದಿಯನ್ನೋ ಒತ್ತಿದಾಗ ಮೂಳೆಯೇ ನೋಯುವುದೂ ಎಕ್ಸ್‌ರೇಗೆ ಸಾಕಷ್ಟು ಕಾರಣ, ಪಾದದ ಹೊರ ಅಂಚಿನ ನಡುವಿನ ಉಬ್ಬು ನೋಯುವುದೂ ಹಾಗೆಯೇ. ಎಕ್ಸ್‌ರೇ ಸರಿಯಿದ್ದರೆ ಏನೂ ಆಗಿಲ್ಲ ಎನ್ನುವುದೂ ಅಷ್ಟೇ ಸುಳ್ಳು, ಅಸ್ಥಿರಜ್ಜು ಅದರಲ್ಲಿ ಕಾಣುವುದೇ ಇಲ್ಲ. ಹುಣಸೆಹಣ್ಣು ಉಪ್ಪು ಕಲಸಿ ಕಾಯಿಸಿ ಹಾಕುವ ಪಟ್ಟು ಹರಿದ ಎಳೆಯನ್ನು ಕೂಡಿಸುವುದಿಲ್ಲ, ಚರ್ಮ ಸುಡದಷ್ಟು ಬಿಸಿಯಿದ್ದರೆ ದೊಡ್ಡ ಕೇಡನ್ನೂ ಮಾಡುವುದಿಲ್ಲ. ಮೊದಲ ದಿನವೇ ಎಣ್ಣೆ ಹಚ್ಚಿ ತೀಡುವುದು ಬಾವು ಹೆಚ್ಚಿಸುವ ಖಚಿತ ದಾರಿ. ಹರಡಿಗೆ ಬ್ರೇಸ್ ತೊಟ್ಟರೆ ಕಾಲು ಸೋಮಾರಿಯಾಗುತ್ತದೆ ಎಂಬ ಹೆದರಿಕೆಗಿಂತ ಮತ್ತೆ ಉಳುಕುವುದನ್ನು ಬ್ರೇಸ್ ಕಡಿಮೆ ಮಾಡುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ.

ಇಂಥ ನಂಬಿಕೆಗಳನ್ನು ಓದುಬರಹವಿಲ್ಲದವರ ತಲೆಗೆ ಕಟ್ಟುವ ಚಾಳಿ ಓದಿದವರಲ್ಲಿದೆ. ಓದಿದವರ ಮಂತ್ರವಾದರೋ ಇಂಗ್ಲಿಷಿನ ನಾಲ್ಕು ಅಕ್ಷರಗಳದ್ದು. ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕರ ಮೊದಲಕ್ಷರಗಳನ್ನು ಕೂಡಿಸಿ ‘ರೈಸ್’ ಎಂಬ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರ ತಮ್ಮ ಕ್ರೀಡಾವೈದ್ಯಕೀಯ ಪುಸ್ತಕದಲ್ಲಿ ಹೊಸೆದರು; ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದೆಂದು ಅವರೇ 2014ರಲ್ಲಿ ಬರೆದು ತಮ್ಮ ಮಾತನ್ನು ತಿದ್ದಿಕೊಂಡರು. ಶಿಷ್ಯಕೋಟಿ ಮಾತ್ರ ತಿದ್ದಿಕೊಳ್ಳಲಿಲ್ಲ. ಅಜ್ಜಿಯ ಹುಣಸೆ ಪಟ್ಟನ್ನು ಕಂಡು ನಗುವವರು ಗಂಟೆಗಟ್ಟಲೆ ಐಸ್ ಒತ್ತಿ ಹಿಡಿದುಕೊಂಡು ಕೂರುವಾಗ ಅದರ ಆಧಾರವೇನೆಂದು ಕೇಳಿಕೊಳ್ಳುವುದಿಲ್ಲ, ಸೂತ್ರ ಇಂಗ್ಲಿಷಿನಲ್ಲಿದೆ ಎಂಬುದೇ ಅವರಿಗೆ ಆಧಾರ. ಸಾಮಾನ್ಯ ಉಳುಕಿನ ನೋವು ಯಾರು ಏನು ಮಾಡಿದರೂ, ಮಾಡದಿದ್ದರೂ, ಕೆಲವು ವಾರಗಳಲ್ಲಿ ಇಳಿಯುತ್ತದಾದ್ದರಿಂದ ಕೀರ್ತಿ ಕೊನೆಯದಾಗಿ ಮುಟ್ಟಿದ್ದಕ್ಕೆ ಸಲ್ಲುತ್ತದೆ, ಅದು ನೀವಿದವನ ಕೈಯಾಗಲಿ, ಪಟ್ಟಾಗಲಿ, ಐಸಾಗಲಿ, ಮೂರು ವಾರದ ಹಾಸಿಗೆಯಾಗಲಿ. ಎಂಟು ತಿಂಗಳ ಬಳಿಕ ಅದೇ ಕಾಲು ಮತ್ತೊಮ್ಮೆ ಹೊರಳಿದಾಗ ಆ ಪೈಕಿ ಯಾವುದನ್ನೂ ಯಾರೂ ದೂರುವುದಿಲ್ಲ, ಕಾಲೇ ದುರ್ಬಲವೆನ್ನುತ್ತಾರೆ.